ಸುರಪುರದ ಏರು

ಪಂಚಶೀಲಾ ಟೀಚರಿಗೆ ಬಂದ ಕಾಯಿಲೆಯ ಹೆಸರನ್ನು ಮನೆಯಲ್ಲಿ ಮೊದಲು ಬಾಯಿಬಿಟ್ಟು ಹೇಳಿದವಳು ಪಂಚಶೀಲಾಳೇ. ಕಲಬುರಗಿಯ ದವಾಖಾನೆಯಿಂದ ಶಹಾಪುರಕ್ಕೆ ಮರಳಿದ ದಿನ ಗಂಡ ಮಹಾದೇವಪ್ಪ ಚಪ್ಪಲಿ ಬಿಡುವ ಮೊದಲೇ ತನ್ನ ತಾಯಿಗೆ, "ಎದಿಯೊಳಗ ಜರಾ ನೀರು ತುಂಬಿತ್ತಂತ, ತಗದಾರ. ಫಿಕರ್ ಮಾಡೋದೇನಿಲ್ಲ," ಎಂದು ಶುರು ಮಾಡಿದ್ದ. ಪಂಚಶೀಲಾ ಬಾಗಿಲ ಚೌಕಟ್ಟಿಗೆ ಕೈಯೂರಿ ನಿಂತು ಉಸಿರು ತಂದುಕೊಂಡಳು.

"ಅತ್ತಿ, ನನಗ ಶ್ವಾಸಕೋಶದ ಕ್ಯಾನ್ಸರ್ ಆಗ್ಯದ. ಕೊಯ್ದು ತಗಿಯಾಕ ಬರಂಗಿಲ್ಲಂತ. ದಿನಾ ನುಂಗಾಕ ಗುಳಿಗಿ ಕೊಟ್ಟಾರ. ಅದನ್ನ ತಗೊಂಡು ಇರಬೇಕು."

ಅಂಗಳದ ಕಟ್ಟೆಯ ಮೇಲೆ ಕೂತಿದ್ದ ಮಾನಮ್ಮ ಸೊಸೆಯ ಮುಖವನ್ನು ನೋಡಿದಳು, ಮಗನ ಮುಖವನ್ನು ನೋಡಿದಳು.

"ಗುಳಿಗಿಗೆ ಹೋಗತದೇನು?"

"ಹೋಗಂಗಿಲ್ಲ. ಅಡಗತದ. ಎಷ್ಟ ದಿನಾ ಅಡಗಿರತದ ಅಂತ ಡಾಕ್ಟರೂ ಹೇಳಂಗಿಲ್ಲ. ವರ್ಷಗಟ್ಟಲೆ ಇದ್ದವರೂ ಅದಾರ ಅಂದರು."

ಮಾನಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆದಳು. ಎಪ್ಪತ್ತು ದಾಟಿದ ಜೀವ. ಊರವರ ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ, ಮಗನನ್ನು ಓದಿಸಿದ ಕೈ. ವಾತ ಹಿಡಿದ ಮೇಲೆ ಒಲೆಯ ಮುಂದೆ ಕೂರುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಒಳಗೆ ಡಬ್ಬಿಗಳ ಮುಚ್ಚಳ ಬಿಚ್ಚುವ ಸದ್ದು ಕೇಳಿತು, ಹಿಂದೆಯೇ ಅವಳ ದನಿ.

"ಜ್ವಾಳದ ಹಿಟ್ಟು ಎಲ್ಲಿಟ್ಟಿ? ಎಲ್ಲಾರೂ ಬಾಗಿಲದಾಗ ನಿಂತ್ರ ರೊಟ್ಟಿ ತಾವೇ ಆಗತಾವೇನು?"

ಮನೆಯಲ್ಲಿದ್ದದ್ದು ನಾಲ್ಕೇ ಜನ. ಮಹಾದೇವಪ್ಪ ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತ. ಬೆಳಿಗ್ಗೆ ಬಸ್ಸು ಹಿಡಿದರೆ ದೀಪ ಹಚ್ಚುವ ಹೊತ್ತಿಗೆ ವಾಪಸು. ಮಗಳು ಸಂಘಮಿತ್ರಾ ಊರಲ್ಲೇ ಬಿ.ಎಡ್. ಓದುತ್ತಿದ್ದಳು. ಪಂಚಶೀಲಾ ಸಗರದ ಸರಕಾರಿ ಶಾಲೆಯ ಟೀಚರು. ಕೆಮ್ಮು ಹತ್ತಿ ತಿಂಗಳುಗಳೇ ಆಗಿದ್ದರೂ ಸುಣ್ಣದಕಡ್ಡಿಯ ಧೂಳು ಎಂದುಕೊಂಡು ಪಾಠ ಮಾಡಿಕೊಂಡು ಬಂದವಳು. ಟಿ.ಬಿ. ಇರಬೇಕೆಂದು ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಕೊನೆಗೆ ಶಾಲೆಯ ಮೆಟ್ಟಿಲ ಮೇಲೆ ಉಸಿರು ಸಿಗದೆ ಕೂತಾಗ ಹೆಡ್‌ಮಾಸ್ತರರೇ ಗಾಡಿ ಮಾಡಿಸಿ ಕಳಿಸಿದ್ದರು.

ಈಗ ರಜೆ. ಊಟಕ್ಕೆ ಮೊದಲು ಗುಳಿಗೆ. ಆಮೇಲೆ ದಿನವೆಲ್ಲ ಆ ಗುಳಿಗೆಯ ಕಾರುಬಾರು.

ಮೊದಲು ಬಾಯಿ ಹುಣ್ಣಾಯಿತು. ಮಾನಮ್ಮ ಹುರುಪಿನಿಂದ ಪುಂಡಿಪಲ್ಯ ಮಾಡಿ, ಬಿಸಿ ರೊಟ್ಟಿಯ ಮೇಲೆ ಹಾಕಿ ಸೊಸೆಯ ಮುಂದಿಟ್ಟಳು. ಪಂಚಶೀಲಾ ಒಂದು ತುತ್ತು ಬಾಯಿಗಿಟ್ಟು ಕಣ್ಣಲ್ಲಿ ನೀರು ತಂದುಕೊಂಡಳು.

"ಯಾಕ, ಉಪ್ಪಾತೇನು?"

"ಉರೀತದ ಅತ್ತಿ. ಬಾಯೆಲ್ಲಾ ಹುಣ್ಣು."

"ಹಸಿ ಮೆಣಸಿನಕಾಯಿ ನಾಕೇ ನಾಕು ಹಾಕೀನಿ."

"ನಾಕೂ ಹೆಚ್ಚು. ಮ್ಯಾಲ ಪುಂಡಿ ಹುಳಿ ಬ್ಯಾರೆ."

"ಖಾರ ಇಲ್ಲ, ಹುಳಿ ಇಲ್ಲ ಅಂದ್ರ ಅದು ಪಲ್ಯ ಅಲ್ಲ, ಎಮ್ಮಿ ಮೇವು."

"ಹಂಗಾರ ಎಮ್ಮಿಗಿ ಹಾಕೋ ಅಂಥಾದ್ದೇ ನನಗ ಹಾಕ್ರಿ. ಮೆತ್ತಗ ನುಚ್ಚು ಮಾಡಿ ಮಜ್ಜಿಗಿ ಕಲಿಸಿ ಕೊಡ್ರಿ. ಬ್ಯಾಳಿ ಕುದಿಸಿ ಕಟದು ಕೊಡ್ರಿ. ತತ್ತಿ ಕೊಡ್ರಿ. ಎಲ್ಲಾ ತಿಂತೀನಿ."

ಮಾನಮ್ಮ ತಾಟು ಸೆಳೆದುಕೊಂಡು ಹೋಗಿ ತಾನೇ ಆ ಪಲ್ಯ ಉಂಡಳು. ಉಣ್ಣುವಾಗ, ಯಾರಿಗೂ ಅಲ್ಲವೆಂಬಂತೆ, "ನನ್ನ ಕೈ ಪುಂಡಿಪಲ್ಯಕ್ಕ ಹೊಲದಾಗ ಮಂದಿ ಬುತ್ತಿ ಅದಲಾಬದಲಿ ಮಾಡಿಕೋತಿತ್ತು," ಎಂದಳು. ಆದರೆ ಮರುದಿನದಿಂದ ಜೋಳದ ನುಚ್ಚು ಬೆಣ್ಣೆಯ ಹಾಗೆ ಬೇಯತೊಡಗಿತು. ತಾಟು ಕೊಡುವ ಮೊದಲು ಕಿರುಬೆರಳು ಅದ್ದಿ ಬಿಸಿ ನೋಡುವಳು. ಹೊಟ್ಟೆ ಕೆಟ್ಟ ದಿನ ಗಂಜಿಗೆ ಉಪ್ಪು ಹಾಕಿ ಲೋಟದ ಮೇಲೆ ಲೋಟ ಕುಡಿಸುವಳು. ರವಿವಾರ ಕೋಳಿ ಸಾರು ಮಾಡಿ ಮೇಲಿನ ಖಾರದೆಣ್ಣೆ ತೆಗೆದು ಸೊಸೆಗೆ, ಆ ಎಣ್ಣೆ ಮಗನಿಗೆ.

ಮಹಾದೇವಪ್ಪನಿಗೆ ಅಡುಗೆ ಬಾರದು. ಅದಕ್ಕೇ ಅವನು ಬಟ್ಟೆ ಒಗೆಯುವುದನ್ನು ವಹಿಸಿಕೊಂಡ. ಬೆಳ್ಳಂಬೆಳಿಗ್ಗೆ ನಲ್ಲಿಯ ಮುಂದೆ ಲುಂಗಿ ಮೇಲಕ್ಕೆ ಕಟ್ಟಿ, ಹೆಂಡತಿಯ ಸೀರೆ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದ. ತಾಯಿಗೆ ಇದು ನುಂಗಲಾರದ ತುತ್ತು.

"ಏ ಮಾದೇವ, ಓಣಿ ಮಂದಿ ನೋಡಾಕತ್ತಾರ."

"ನೋಡಲಿ ಬಿಡವ್ವ. ಹಿಂಡೂದು ಸರಿ ಇಲ್ಲಂದ್ರ ಬಂದು ಹೇಳಲಿ."

"ಸರಿ ಇಲ್ಲ! ನಾ ಹೇಳಾಕತ್ತೀನಲ್ಲ. ನೀರು ತೊಟ್ಟಿಕ್ಕಾಕತ್ತಾವ. ಕೊಡು ಇಲ್ಲಿ."

"ನಿನ್ನ ಕೈಗೆ ವಾತ ಅದ, ಬಿಡು."

ಇಬ್ಬರೂ ಸೀರೆಯ ಒಂದೊಂದು ತುದಿ ಹಿಡಿದು ಹಿಂಡುವುದನ್ನು ಪಂಚಶೀಲಾ ಕಿಟಕಿಯಿಂದ ನೋಡಿ ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು. ಕೆಮ್ಮಿದ್ದಕ್ಕೆ ಗಂಡ ಸೀರೆ ಬಿಟ್ಟು ಒಳಗೆ ಓಡಿಬಂದ, ಸೀರೆ ಮಣ್ಣಾಯಿತು, ಮತ್ತೆ ಒಗೆಯಬೇಕಾಯಿತು.

ಅವನ ತೊಂದರೆಯೇ ಅದು. ಭಾರ ಎತ್ತಬೇಡ, ನಿಲ್ಲಬೇಡ, ಬಾಗಬೇಡ, ಹೊರಗೆ ಹೋಗಬೇಡ. ಯಾದಗಿರಿಯ ಕಚೇರಿಯಿಂದ ಎರಡೆರಡು ಸಲ ಫೋನು.

"ಏನ್ ಮಾಡಾಕತ್ತಿ?"

"ಉಸಿರಾಡಾಕತ್ತೀನ್ರಿ."

"ಚಾಷ್ಟಿ ಮಾಡಬ್ಯಾಡ."

"ಚಾಷ್ಟಿ ಅಲ್ರಿ, ಅದೊಂದೇ ಕೆಲಸ ಬಿಟ್ಟೀರಿ ನೀವು ನನಗ."

ಕಲಬುರಗಿಯ ದವಾಖಾನೆಯಲ್ಲಿ ಒಬ್ಬ ಹುಡುಗಿ ಅವಳಿಗೆ ಉಸಿರಾಡುವ ರೀತಿ ಕಲಿಸಿಕೊಟ್ಟಿದ್ದಳು: ಮೂಗಿನಿಂದ ಎಳೆದು, ತುಟಿ ಕೂಡಿಸಿ ಮೆಲ್ಲಗೆ ಬಿಡುವುದು. ಪಂಚಶೀಲಾ ಮನೆಯಲ್ಲಿ ಮಾಡಿ ತೋರಿಸಿದಾಗ ಮಾನಮ್ಮ, "ಇದಕ್ಕ ಕಲಬುರಗಿಗಿ ಹೋಗಬೇಕಿತ್ತೇನು? ಬಿಸಿ ಅಂಬಲಿ ಆರಿಸಿಕೋತೀವಲ್ಲ, ಅದೇ ಇದು," ಎಂದಳು. ಅಂದಿನಿಂದ ಮನೆಯಲ್ಲಿ ಅದಕ್ಕೆ ಅದೇ ಹೆಸರು ಬಿತ್ತು. ಪಂಚಶೀಲಾ ಏದುಸಿರು ಬಿಟ್ಟರೆ ಸಾಕು, ಮೂರು ಬಾಯಿಂದ ಒಂದೇ ಮಾತು: "ಅಂಬಲಿ! ಅಂಬಲಿ!"

ಆ ಅಂಬಲಿಯನ್ನೇ ಆರಿಸಿಕೊಳ್ಳುತ್ತ ಅವಳು ಓಣಿಯಲ್ಲಿ ನಡೆಯತೊಡಗಿದಳು. ಮೊದಮೊದಲು ಬೇವಿನಮರದವರೆಗೆ, ಆಮೇಲೆ ಹಿಟ್ಟಿನ ಗಿರಣಿಯವರೆಗೆ. ಗಿರಣಿಯ ಮೂಲೆಯಲ್ಲಿ ನಿಂತರೆ ಮನೆಗಳ ಮೇಲೆ, ಬುದ್ಧ ಮಲಗಿದ ಹಾಗೆ ತೋರುವ ಬೆಟ್ಟದ ತುದಿ ಕಾಣುತ್ತಿತ್ತು. ಅಲ್ಲಿ ನಿಂತು ದಣಿವಾರಿಸಿಕೊಂಡು ಮರಳುವಳು. ಸಂಘಮಿತ್ರಾ ಕಾಲೇಜಿನಿಂದ ಬಂದ ಮೇಲೆ ತಾಯಿಯ ಪಾದ ತನ್ನ ತೊಡೆಯ ಮೇಲಿಟ್ಟುಕೊಂಡು, ಗುಳಿಗೆಯಿಂದ ಕೆಂಪಾಗಿ ಒಡೆದ ಉಗುರಿನ ಅಂಚಿಗೆ ಮುಲಾಮು ಹಚ್ಚುವಳು. ಅವಳ ಪ್ರೀತಿಯೆಲ್ಲ ಗದರುವುದರಲ್ಲೇ. "ಆ ಸಾಬೂನು ಹಚ್ಚಬ್ಯಾಡ ಅಂದೀನಿಲ್ಲ? ಬಿಸಲಾಗ ಯಾಕ ನಿಂತಿದ್ದಿ?"

ಮುಖದ ತುಂಬ ಗುಳ್ಳೆ ಎದ್ದಿದ್ದವು, ಹರೆಯದವರ ಮೊಡವೆಯ ಹಾಗೆ. ಒಂದು ದಿನ ಎದುರುಮನೆಯ ಮೌನಮ್ಮ ಗಿರಣಿಯ ಹತ್ತಿರ ತಡೆದು ಕೇಳಿದಳು.

"ಟೀಚರ್, ಮುಖಕ್ಕೇನಾತ್ರಿ? ಉಷ್ಣಾ ಆಗ್ಯದೇನು?"

"ಇಲ್ರಿ. ಕ್ಯಾನ್ಸರ್ ಆಗ್ಯದ. ಗುಳಿಗಿ ನುಂಗಾಕತ್ತೀನಿ, ಅದರ ಗುಳ್ಳಿ ಇವು. ಗುಳ್ಳಿ ಎದ್ರ ಗುಳಿಗಿ ಕೆಲಸ ಮಾಡಾಕತ್ತದ ಅಂತ ಡಾಕ್ಟರು ಅಂತಾರ."

ಮೌನಮ್ಮನ ಕೈಯ ಹಿಟ್ಟಿನ ಡಬ್ಬಿ ಓರೆಯಾಯಿತು. ಸುದ್ದಿ ಪಂಚಶೀಲಾಳಿಗಿಂತ ಮೊದಲು ಮನೆ ಮುಟ್ಟಿತು.

"ಓಣಿಗೆಲ್ಲಾ ಡಂಗುರ ಹೊಡದು ಬಂದೇನು?" ಎಂದು ಮಾನಮ್ಮ ಬಾಗಿಲಲ್ಲೇ ಹಿಡಿದಳು. "ನಾಳಿ ಹುಡುಗಿ ಲಗ್ನ ಮಾಡೂದದ. ಮಂದಿ ಏನಂತಾರ?"

"ಏನಂತಾರ? ಟೀಚರಿಗಿ ಜಡ್ಡಾಗ್ಯದ ಅಂತಾರ. ಖರೇನೇ ಅದಲ್ರಿ. ಮುಚ್ಚಿಟ್ರ ಮುಚ್ಚಿಡೂದು ಒಂದು ಕೆಲಸ. ನನಗ ಅಷ್ಟು ಉಸಿರಿಲ್ಲ ಅತ್ತಿ."

ಸಂಘಮಿತ್ರಾ ಒಳಗಿನಿಂದ, "ನನ್ನ ಲಗ್ನದ ಫಿಕರ್ ನೀ ಮಾಡಬ್ಯಾಡ ಆಯಿ," ಎಂದಳು.

"ನೀ ಸುಮ್ನಿರು. ದೊಡ್ಡೋರ ಮಾತಾಗ ಬಾಯಿ ಹಾಕಬ್ಯಾಡ."

ಆಯಿ ಮತ್ತು ಮೊಮ್ಮಗಳ ನಡುವೆ ಆಗಲೇ ಕಿಡಿ ಹಾರತೊಡಗಿತ್ತು. ಅಂಗಳದಲ್ಲಿ ಹತ್ತಿಕಟ್ಟಿಗೆ ಉರಿಸಿ ಸ್ನಾನದ ನೀರು ಕಾಯಿಸುವ ಒಲೆಯೊಂದಿತ್ತು. ಸಂಘಮಿತ್ರಾ ಹಟ ಹಿಡಿದು ಅದನ್ನು ಕೆಡವಿಸಿ ಕರೆಂಟಿನ ಹೀಟರು ತರಿಸಿದಳು. ಮಾನಮ್ಮ ಒಲೆಗಾಗಿ ಎರಡು ದಿನ ಮಾತು ಬಿಟ್ಟಳು. ಒಲೆ ಹೋಯಿತು, ಮಾನಮ್ಮನ ಬೀಡಿ ಉಳಿಯಿತು. ಹೊಲದ ಕೂಲಿಯ ದಿನಗಳಿಂದ ಅಂಟಿಕೊಂಡ ಚಟ. ಗಂಡ ಸತ್ತಾಗಲೂ, ವಾತ ಬಂದಾಗಲೂ ಬಿಡದ್ದು. ಸೊಸೆಗೆ ಕಾಯಿಲೆ ಎಂದ ದಿನದಿಂದ ಮಾನಮ್ಮ ಕಟ್ಟೆ ಬಿಟ್ಟು ಹಿತ್ತಲ ಗೋಡೆಯ ಮರೆಗೆ ಹೋಗುತ್ತಿದ್ದಳು. ಗಾಳಿಗೆ ಮರೆ ಗೊತ್ತೇ? ಅದು ತಿರುಗಿದಾಗೆಲ್ಲ ಹೊಗೆ ಕಿಟಕಿಯಿಂದ ಒಳಗೇ ಬರುತ್ತಿತ್ತು.

ಒಂದು ಮಧ್ಯಾಹ್ನ ಹಾಗೇ ಬಂತು. ಮಲಗಿದ್ದ ಪಂಚಶೀಲಾ ಕೆಮ್ಮುತ್ತ ಎದ್ದು ಕೂತಳು. ಕೆಮ್ಮು ನಿಲ್ಲಲೇ ಇಲ್ಲ. ಸಂಘಮಿತ್ರಾ ಪುಸ್ತಕ ಬಿಸಾಕಿ ಹಿತ್ತಲಿಗೆ ಹೋದವಳೇ ಆಯಿಯ ಮಡಿಲಿನಿಂದ ಬೀಡಿಕಟ್ಟು ಕಿತ್ತು ಬಚ್ಚಲಿಗೆ ಎಸೆದಳು.

"ಏನ್ ಮಾಡಿದಿ?" ಮಾನಮ್ಮ ಎದ್ದು ನಿಂತಳು.

"ನೀ ಏನ್ ಮಾಡೀದಿ ಅದನ್ನ ಹೇಳು! ಅವ್ವ ಜಲ್ಮದಾಗ ಒಂದು ಬೀಡಿ ಮುಟ್ಟಿಲ್ಲ. ಸೇದಿದಾಕಿ ನೀನು, ಜಡ್ಡು ಬಂದದ್ದು ಆಕಿಗಿ. ಈ ಮನಿಗಿ ಬಂದಾಗಿಂದ ನಿನ್ನ ಹೊಗಿ ಕುಡದಾಳ. ಆಕಿ ಎದಿ ಸುಟ್ಟಾಕಿ ನೀನೇ!"

ಪಂಚಶೀಲಾ ಕಿಟಕಿಯ ಸರಳು ಹಿಡಿದು, "ಮಿತ್ರಾ!" ಎಂದು ಕೂಗಲು ನೋಡಿದಳು. ದನಿ ಹೊರಡಲಿಲ್ಲ.

ಮಾನಮ್ಮ ತಿರುಗಿ ಬೈಯಲಿಲ್ಲ. ಅದೇ ಎಲ್ಲರಿಗೂ ಹೆದರಿಕೆ ಹುಟ್ಟಿಸಿದ್ದು. ಸಂಜೆ ಅಡುಗೆ ಮಾಡಿದಳು, ತಾನು ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಒಲೆಯ ಮೇಲೆ ನುಚ್ಚು ಬೆಂದು ಮುಚ್ಚಿಟ್ಟಿತ್ತು, ಮಜ್ಜಿಗೆ ಕಡೆದಿಟ್ಟಿತ್ತು. ಗೂಟದ ಮೇಲಿನ ಅವಳ ಕೈಚೀಲ ಇರಲಿಲ್ಲ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಮಾನಮ್ಮನಿಗೆ ಸಿಟ್ಟು ಬಂದರೆ ಸುರಪುರ ದೂರವಿರಲಿಲ್ಲ. ಅಲ್ಲಿ ಮಗಳು ಭೀಮವ್ವನ ಮನೆ. ಹೊತ್ತೇರುವಷ್ಟರಲ್ಲಿ ಭೀಮವ್ವನ ಫೋನು ಬಂತು.

"ಅವ್ವ ಇಲ್ಲಿ ಬಂದಾಳ, ಅಣ್ಣ. ಇನ್ನ ಇಲ್ಲೇ ಇರತೀನಿ ಅಂತಾಳ. ಏನಾಗ್ಯದ?"

ಮಹಾದೇವಪ್ಪ ಮಗಳ ಕಡೆ ತಿರುಗಿದ. "ಸಮಾಧಾನ ಆತೇನು? ಈ ವಯಸ್ಸಿನಾಗ ಮನಿ ಬಿಡಿಸಿದಿ ಆಕಿಗಿ."

"ನಾ ಬಿಡು ಅಂದದ್ದು ಬೀಡಿ. ಮನಿ ಅಲ್ಲ."

"ಅಂದದ್ದು ಅಷ್ಟೇ ಏನು?"

ಸಂಘಮಿತ್ರಾ ಅಳುತ್ತ ಒಳಗೆ ಹೋದಳು. ಪಂಚಶೀಲಾ ಹಿಂದೆಯೇ ಹೋಗಿ ಹಾಸಿಗೆಯ ಅಂಚಿಗೆ ಕೂತಳು.

"ಅವ್ವ, ನಾ ಅಂದದ್ದು ಸುಳ್ಳೇನು? ಓದೀನಿ ನಾನು. ಮಂದಿ ಬಿಟ್ಟ ಹೊಗಿಯಿಂದನೂ ಬರತದಂತ."

"ಬರತದ. ಒಲಿ ಹೊಗಿಯಿಂದನೂ ಬರತದ. ಯಾವ ಹೊಗಿನೂ ಇಲ್ದನೂ ಬರತದ. ನನಗ ಯಾವುದರಿಂದ ಬಂತು ಅಂತ ಡಾಕ್ಟರಿಗಿ ಕೇಳೀನಿ, ಹೇಳಾಕ ಬರಂಗಿಲ್ಲ ಅಂದರು. ಅವರಿಗಿ ಗೊತ್ತಿಲ್ಲದ್ದು ನಿನಗ ಹ್ಯಾಂಗ ಗೊತ್ತಾತು?"

"ಮತ್ತ ಯಾರ ಮ್ಯಾಲ ಸಿಟ್ಟಾಗಲಿ ನಾನು?"

ಪಂಚಶೀಲಾ ಮಗಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು.

ಮುಂದಿನ ದಿನಗಳು ಕೆಟ್ಟವು. ಮಹಾದೇವಪ್ಪ ಮಾಡಿದ ನುಚ್ಚು ತಳ ಹತ್ತಿ, ಮೇಲೆ ಹಸಿಯಾಗಿ, ನಡುವೆ ಗಂಟುಗಂಟಾಗಿ ಇರುತ್ತಿತ್ತು. ಸಂಘಮಿತ್ರಾ ರೊಟ್ಟಿ ಬಡಿದರೆ ಹಂಚಿಗೆ ಹಾಕುವ ಮೊದಲೇ ಹರಿಯುತ್ತಿತ್ತು. ಪಂಚಶೀಲಾ ಉಣ್ಣುವುದು ಕಡಿಮೆಯಾಗಿ ರವಿಕೆ ಸಡಿಲಾಯಿತು. ಗಂಡ ಸುರಪುರಕ್ಕೆ ಹೋಗಿ ಬರಿಗೈಯಲ್ಲಿ ಬಂದ.

"ಏನಂದರು?"

"ಮಾತೇ ಆಡಲಿಲ್ಲ. ಗ್ವಾಡಿ ಕಡಿ ಮುಖ ಮಾಡಿ ಕುಂತಳು."

"ನಾ ಹೋಗತೀನಿ."

"ನೀನಾ? ಭೀಮವ್ವನ ಮನಿ ಏರಿನ ಮ್ಯಾಲ ಅದ. ಆಟೋ ಹೋಗಂಗಿಲ್ಲ ಆ ಸಂದಿಯಾಗ."

"ಗೊತ್ತದ. ಕುಂತು ಕುಂತು ಏರತೀನಿ."

"ಪಂಚಶೀಲಾ, ನಿನಗೇನರೆ ಆದರ..."

"ಆಗೂದು ಆಗ್ಯದಲ್ರಿ. ಇನ್ನ ನಾನು ಮಾಡೂದು ಇರತದ." ಅವಳು ತಟ್ಟೆಯ ನುಚ್ಚನ್ನು ಪಕ್ಕಕ್ಕೆ ಸರಿಸಿದಳು. "ಅದಲ್ದ, ನಿಮ್ಮ ಕೈ ನುಚ್ಚು ಉಂಡ್ರ ಕ್ಯಾನ್ಸರಿಗಿಂತ ಮೊದಲು ಇದರಿಂದನೇ ಹೋಗತೀನಿ."

ಸಂಘಮಿತ್ರಾ ತಾನೂ ಬರುತ್ತೇನೆಂದಳು. "ನೀ ಬಂದ್ರ ಮುದುಕಿ ಬಾಗಿಲಾ ಹಾಕ್ಕೋತಾಳ. ಮನ್ಯಾಗಿರು, ರೊಟ್ಟಿ ಬಡಿಯೂದು ಕಲಿ," ಎಂದು ಪಂಚಶೀಲಾ ಬಾಯಿಗೆ ಮಾಸ್ಕು ಕಟ್ಟಿಕೊಂಡು, ನೀರಿನ ಬಾಟ್ಲಿ ಹಿಡಿದು ಹೊರಟಳು. ಗಂಡ ಬಸ್‌ನಿಲ್ದಾಣದವರೆಗೆ ಬಂದು, ಕಂಡಕ್ಟರನಿಗೆ ಹೇಳಿ ಮುಂದಿನ ಸೀಟು ಕೊಡಿಸಿ, ಬಸ್ಸು ಹೊರಟ ಮೇಲೂ ನಿಂತೇ ಇದ್ದ.

ಕಾಯಿಲೆ ಗೊತ್ತಾದ ಮೇಲೆ ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ರಸ್ತೆಯ ಎರಡೂ ಕಡೆ ಕಾಲುವೆ ನೀರಿನ ಗದ್ದೆ, ಕೊಯ್ಲಿಗೆ ಬಂದ ಭತ್ತ. ಕಿಟಕಿಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಹತ್ತಿಗೂಡೂರಿನಲ್ಲಿ ಹತ್ತಿದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು ಮುಖದ ಗುಳ್ಳೆಗಳನ್ನೇ ನೋಡಿದಳು. ಪಂಚಶೀಲಾ ಅವಳಿಗೆ ಶೇಂಗಾ ತಿನ್ನುತ್ತೀರಾ ಎಂದು ಕೇಳಿದಳು. ಆ ಮೇಲೆ ಸುರಪುರದವರೆಗೂ ಆ ಹೆಂಗಸು ತನ್ನ ಸೊಸೆಯಂದಿರ ಕಥೆ ಹೇಳಿದಳು.

ಬಸ್‌ನಿಲ್ದಾಣದಿಂದ ಆಟೋ. ಆಟೋ ನಿಂತಲ್ಲಿಂದ ಏರು. ಬಂಡೆಗಳ ನಡುವೆ ಹಳೆಯ ಮನೆಗಳು, ಕಲ್ಲು ಹಾಸಿದ ಇಕ್ಕಟ್ಟು ದಾರಿ. ಪಂಚಶೀಲಾ ಸ್ವಲ್ಪ ಏರಿ ಒಂದು ಮನೆಯ ಕಟ್ಟೆಯ ಮೇಲೆ ಕೂತಳು. ಎದ್ದು, ಇನ್ನಷ್ಟು ಏರಿ ಮತ್ತೊಂದು ಕಟ್ಟೆ. ಎದೆಯೊಳಗೆ ಯಾರೋ ತಿದಿ ಒತ್ತಿದ ಹಾಗಾಗುತ್ತಿತ್ತು. ತುಟಿ ಕೂಡಿಸಿ ಉಸಿರು ಬಿಟ್ಟಳು. ಅವಸರ ಮಾಡಲಿಲ್ಲ. ಮೂರನೆಯ ಕಟ್ಟೆಯ ಮನೆಯವರು ನೀರು ಕೊಟ್ಟು, ಯಾರ ಮನೆಗೆ ಎಂದು ಕೇಳಿದರು. "ಭೀಮವ್ವನ ಮನಿಗಿ. ನಮ್ಮ ಅತ್ತಿ ಸಿಟ್ಟು ಮಾಡಿಕೊಂಡು ಬಂದಾರ, ಕರಕೊಂಡು ಹೋಗಾಕ ಬಂದೀನಿ," ಎಂದಳು. ಆ ಮನೆಯ ಮುದುಕ ನಕ್ಕು, "ಸೊಸಿ ಸಿಟ್ಟು ಮಾಡಿ ತವರಿಗಿ ಹೋಗೂದು ಕೇಳೀನಿ. ಅತ್ತಿ ಹೋದದ್ದು ಇದೇ ಮೊದಲು," ಎಂದ.

ಭೀಮವ್ವನ ಅಂಗಳದಲ್ಲಿ ಮಾನಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ತಲೆಯೆತ್ತಿ ನೋಡಿದವಳ ಕೈಯಿಂದ ಮೊರ ಜಾರಿತು.

"ಹ್ಯಾಂಗ ಏರಿ ಬಂದಿ? ಮಾದೇವ ಎಲ್ಲಿ? ಒಬ್ಬಾಕಿನೇ? ನಿನಗೇನು ತಲಿ ಕೆಟ್ಟದೇನು?"

ಪಂಚಶೀಲಾ ಕೈ ತೋರಿಸಿ ತಡೆದಳು. ನೆಲಕ್ಕೆ ಕೂತು ಗೋಡೆಗೆ ಒರಗಿದಳು. ಮಾತಾಡುವಷ್ಟು ಉಸಿರು ಬರಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಮಾನಮ್ಮ ಸೆರಗಿನಿಂದ ಗಾಳಿ ಹಾಕುತ್ತ, "ಅಂಬಲಿ... ಅಂಬಲಿ..." ಎನ್ನುತ್ತಿದ್ದಳು. ಭೀಮವ್ವ ಚಹಾ ಮಾಡಲು ಒಳಗೆ ಹೋದಳು.

"ನಡೀರಿ ಮನಿಗಿ," ಎಂದಳು ಪಂಚಶೀಲಾ.

"ಬರಂಗಿಲ್ಲ."

"ಹುಡುಗಿ ಅಂದದ್ದಕ್ಕ?"

"ಹುಡುಗಿ ಅಂದದ್ದು ಖರೇ ಅದ." ಮಾನಮ್ಮ ಸೆರಗು ಬೀಸುವುದನ್ನು ನಿಲ್ಲಿಸಿದಳು. "ಆಕಿ ಅನ್ನೂಕಿಂತ ಮೊದಲೇ ನನಗ ಅನಸಿತ್ತು. ನೀ ಬಾಗಿಲದಾಗ ನಿಂತು ಹೇಳಿದ್ದಿಲ್ಲ, ಅವತ್ತೇ. ನನಗ ಬರಬೇಕಿದ್ದದ್ದು ಹಾದಿ ತಪ್ಪಿ ನಿನಗ ಬಂದದ ಅಂತ."

"ಅದೇನು ಪೋಸ್ಟೇನ್ರಿ, ಹಾದಿ ತಪ್ಪಾಕ?"

"ನಗಬ್ಯಾಡ. ಅವತ್ತಿಂದ ಬಿಡಾಕ ನೋಡೀನಿ. ಬಾಯಾಗ ಲವಂಗ ಇಟ್ಟುಕೊಂಡು ನೋಡೀನಿ, ಸೊಂಟಿ ಕಡದು ನೋಡೀನಿ. ಆಗವಲ್ದು. ಇಲ್ಲಿಗಿ ಬಂದ ಮ್ಯಾಲ ಹೆಚ್ಚೇ ಆಗ್ಯದ. ನಿನ್ನ ಎದಿ ಹಿಂಗಾಗಿದ್ದು ನೋಡಿನೂ ಬಿಡಾಕ ಆಗದಾಕಿ, ಯಾ ಮಾರಿ ಹೊತ್ತುಕೊಂಡು ಆ ಮನಿಗಿ ಬರಲಿ?"

ಪಂಚಶೀಲಾ ಇದನ್ನು ನಿರೀಕ್ಷಿಸಿರಲಿಲ್ಲ. ಮುದುಕಿಯ ಸಿಟ್ಟನ್ನು ಇಳಿಸಲು ಮಾತು ಕೂಡಿಸಿಕೊಂಡು ಬಂದಿದ್ದಳು. ಇಲ್ಲಿ ಸಿಟ್ಟೇ ಇರಲಿಲ್ಲ. ಮೊರದಿಂದ ಚೆಲ್ಲಿದ ಜೋಳವನ್ನು ಅಂಗೈಯಿಂದ ಬಳಿದು ಒಟ್ಟುಮಾಡಿದಳು.

"ಅತ್ತಿ," ಎಂದಳು ಕೊನೆಗೆ, "ಯಾವುದರಿಂದ ಬಂತು ಅಂತ ಯಾರಿಗೂ ಗೊತ್ತಿಲ್ಲ. ನಿಮ್ಮ ಬೀಡಿಯಿಂದ ಬಂದಿಲ್ಲ ಅಂತ ಸುಳ್ಳು ಹೇಳಾಕ ನಾ ಬಂದಿಲ್ಲ. ಬಂದದ ಅಂತ ಹೇಳಾಕೂ ಬಂದಿಲ್ಲ. ಮಿತ್ರಾ ಕೂಸಿದ್ದಾಗ ನಾ ಟಿ.ಸಿ.ಎಚ್. ಓದಾಕ ಹೋಗತಿದ್ದೆ. ಮಧ್ಯಾಹ್ನ ಆಕಿಗಿ ಹಾಲು ಕುಡಿಸಾಕ ಬಿಸಲಾಗ ಕಂಕುಳಾಗ ಹೊತ್ತುಕೊಂಡು ಕಾಲೇಜಿಗಿ ಬರತಿದ್ದವರು ಯಾರು? 'ಸೊಸಿ ಓದಿ ಏನ್ ಮಾಡ್ತಾಳ' ಅಂತ ಮಂದಿ ಅಂದಾಗ, 'ನಾ ಕಳೆ ಕಿತ್ತದ್ದು ಸಾಕು, ಆಕಿ ಕಿತ್ತೂದು ಬ್ಯಾಡ' ಅಂದವರು ಯಾರು? ಅದೂ ಅದೇ ಮನ್ಯಾಗೇ ನನಗ ಸಿಕ್ಕದ್ದು."

ಮಾನಮ್ಮ ಮೂಗು ಒರೆಸಿಕೊಂಡಳು.

"ನನಗ ನೀವು ಬೇಕ್ರಿ. ನಿಮ್ಮ ಕೈ ನುಚ್ಚು ಬೇಕು. ಆದರ ಒಂದು ಮಾತು. ಬೀಡಿ ಮನ್ಯಾಗ ಇಲ್ಲ, ಅಂಗಳದಾಗ ಇಲ್ಲ, ಹಿತ್ತಲದಾಗೂ ಇಲ್ಲ. ಗಿರಣಿ ಮೂಲಿ ದಾಟಿ ಹೋಗಿ ಸೇದ್ರಿ. ಬಂದು ಕೈ ಬಾಯಿ ತೊಳಕೊಂಡು, ಸೀರಿ ಬದಲು ಮಾಡಿ ಒಳಗ ಬರ್ರಿ. ಬಿಡಾಕ ದವಾಖಾನ್ಯಾಗ ಔಷಧ ಅದ, ನಾ ಕೇಳಿ ಕೊಡಸತೀನಿ. ಬಿಡಾಕ ಆದರ ಆತು. ಆಗಲಿಲ್ಲಂದ್ರ ಗಿರಣಿ ಮೂಲಿ ಇದ್ದೇ ಅದ."

"ಅಷ್ಟು ದೂರ? ನನ್ನ ಮೊಣಕಾಲು?"

"ನಾ ಈ ಏರು ಏರಿ ಬಂದೀನಿ," ಎಂದಳು ಪಂಚಶೀಲಾ.

ಮಾನಮ್ಮ ಒಳಗಿದ್ದ ಮಗಳಿಗೆ ಕೂಗಿದಳು: "ಭೀಮಿ, ನನ್ನ ಚೀಲ ತಾ. ಆ ನೀಲಿ ಸೀರಿ ಹಗ್ಗದ ಮ್ಯಾಲ ಅದ ನೋಡು."

ಇಳಿಯುವಾಗ ಕಟ್ಟೆಕಟ್ಟೆಗೆ ಕೂತವಳು ಮಾನಮ್ಮ. ಕಾದು ನಿಂತವಳು ಪಂಚಶೀಲಾ.

ಮನೆಯ ಬಾಗಿಲಲ್ಲಿ ಸಂಘಮಿತ್ರಾ ನಿಂತಿದ್ದಳು, ಮೊಣಕೈವರೆಗೂ ಹಿಟ್ಟು. "ಆಯಿ, ನಾ ಅನ್ನಬಾರದಿತ್ತು," ಎಂದಳು. ಮಾನಮ್ಮ ಅವಳನ್ನು ದಾಟಿ ಅಡುಗೆಮನೆಗೆ ಹೋಗಿ, ಬುಟ್ಟಿಯೊಳಗಿನ ರೊಟ್ಟಿಯೊಂದನ್ನು ಬೆಳಕಿಗೆ ಹಿಡಿದಳು. "ಇದು ರೊಟ್ಟಿಯೋ, ಆಂಧ್ರದ ನಕಾಶಿಯೋ? ಬಾ ಇಲ್ಲಿ. ನೀರು ಕುದಿಬೇಕು ಮೊದಲು. ಹಿಟ್ಟಿಗಿ ಕುದಿನೀರು ಬೀಳಲಿಲ್ಲಂದ್ರ ಅದು ಕೂಡಂಗಿಲ್ಲ." ಇಬ್ಬರೂ ಅಡುಗೆಕಟ್ಟೆಯ ಮುಂದೆ ನಿಂತರು. ಕ್ಷಮೆಯ ಮಾತು ಅಲ್ಲಿಗೇ ಮುಗಿಯಿತು.

ಬೀಡಿ ಪೂರ್ತಿ ಬಿಡಲಾಗಲಿಲ್ಲ. ಔಷಧದಿಂದ ಕಡಿಮೆಯಾಯಿತು. ಉಳಿದದ್ದಕ್ಕೆ ಮಾನಮ್ಮ ದಿನಾ ಗಿರಣಿಯ ಆಚೆ ನಡೆದು ಹೋಗುವಳು. ನಾಲ್ಕು ಸಲ ಹೋಗಬೇಕಾದಲ್ಲಿ ಮೊಣಕಾಲ ನೋವಿಗೆ ಒಂದೇ ಸಲ ಹೋಗುವಳು. ಆ ಮೊಣಕಾಲು ಔಷಧಕ್ಕಿಂತ ಹೆಚ್ಚು ಕೆಲಸ ಮಾಡಿತೆಂದು ಸಂಘಮಿತ್ರಾ ಹೇಳುತ್ತಿದ್ದಳು.

ಬೇಸಿಗೆಯಲ್ಲಿ ಕಲಬುರಗಿಯಲ್ಲಿ ಮತ್ತೆ ಸ್ಕ್ಯಾನು ಮಾಡಿದರು. ಎದೆಯಲ್ಲಿ ನೀರು ತಿರುಗಿ ತುಂಬಿರಲಿಲ್ಲ. ಗಡ್ಡೆ ಅರ್ಧಕ್ಕಿಂತ ಸಣ್ಣದಾಗಿತ್ತು. ಇದೇ ಗುಳಿಗೆ ಮುಂದುವರಿಸಿ, ಇದು ಕೇಳದ ದಿನ ಬಂದರೆ ಬೇರೆ ನೋಡೋಣ ಎಂದರು ಡಾಕ್ಟರು. ಮನೆಗೆ ಬಂದಾಗ ಮಾನಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು.

"ಹೋತೇನು?"

"ಹೋಗಿಲ್ಲ ಅತ್ತಿ. ಮುದುಡಿಕೊಂಡು ಕುಂತದ."

"ಕುಂಡ್ರಲಿ ಬಿಡು. ಈ ಮನ್ಯಾಗ ಕುಂತು ಉಣ್ಣೋರು ಇನ್ನೊಬ್ಬರು ಹೆಚ್ಚಾದರು ಅಂದುಕೊಂಡ್ರ ಆತು."

ಮಹಾದೇವಪ್ಪನಿಗೆ ಇನ್ನೂ ಒಂದು ಯುದ್ಧ ಬಾಕಿಯಿತ್ತು. ಶಾಲೆ ತೆರೆಯುವ ಹೊತ್ತಿಗೆ ಹೆಂಡತಿ ಕೆಲಸಕ್ಕೆ ಹೋಗುತ್ತೇನೆಂದಾಗ ಅವನು ಸ್ವಯಂ ನಿವೃತ್ತಿಯ ಮಾತೆತ್ತಿದ. ಈ ಸಲ ಪಂಚಶೀಲಾ ಉತ್ತರಿಸುವ ಮೊದಲೇ ಮಾನಮ್ಮ ನಡುವೆ ಬಿದ್ದಳು.

"ನಿವೃತ್ತಿ ತಗೊಂಡು ಏನ್ ಮಾಡಬೇಕು? ನೀ ಸೀರಿ ಒಗಿಯೂದು ನೋಡಕೋತ ಕುಂಡ್ರಬೇಕೇನು? ಹೋಗಲಿ. ಕುಂತು ಪಾಠ ಮಾಡಲಿ. ಆಗಲಿಲ್ಲಂದ್ರ ಬರತಾಳ. ಕಾಲು ಅದಾವ ಆಕಿಗಿ."

ಹೆಡ್‌ಮಾಸ್ತರರು ಮೆಟ್ಟಿಲಿಲ್ಲದ ಕೋಣೆ ಕೊಟ್ಟರು. ಸುಣ್ಣದಕಡ್ಡಿಯ ಬದಲು ಬಿಳಿ ಹಲಗೆ ಹಾಕಿಸಿದರು. ವಹಿಸಿದ್ದು ಒಂದನೆಯ ತರಗತಿ.

ಶಾಲೆಗೆ ಮರಳುವ ದಿನ ಬೆಳಿಗ್ಗೆ ಮನೆಯಲ್ಲಿ ದೊಡ್ಡ ಜಗಳವೇ ನಡೆದಿತ್ತು. ಸಂಘಮಿತ್ರಾ ಬಚ್ಚಲು ಬಿಡುತ್ತಿಲ್ಲವೆಂದು ಮಹಾದೇವಪ್ಪ ಬಾಗಿಲು ಬಡಿಯುತ್ತಿದ್ದ. ಬಸ್ಸು ತಪ್ಪಿದರೆ ಸಾಹೇಬರು ಬೈಯುವುದು ನಿನಗಲ್ಲ, ನನಗೆ ಎನ್ನುತ್ತಿದ್ದ. ನಿನ್ನೆಯ ಸಾರಿಗೆ ಉಪ್ಪು ಹೆಚ್ಚು ಹಾಕಿದವರು ಯಾರೆಂದು ಆಯಿಗೂ ಮೊಮ್ಮಗಳಿಗೂ ಬಾಗಿಲ ಈಚೆ ಆಚೆಯಿಂದಲೇ ವಾದ ನಡೆದಿತ್ತು. ಪಂಚಶೀಲಾ ಗುಳಿಗೆ ನುಂಗಿ, ಉಂಡು, ತಲೆ ಬಾಚಿ, ಡಬ್ಬಿ ಚೀಲಕ್ಕಿಟ್ಟುಕೊಂಡು ನಡುಮನೆಯಲ್ಲಿ ನಿಂತಳು. ಯಾರೂ ಅವಳತ್ತ ತಿರುಗಿ ಹುಷಾರು ಎನ್ನಲಿಲ್ಲ, ಚೀಲ ಕೊಡು ಎನ್ನಲಿಲ್ಲ.

"ನಾ ಹೊಂಟೆ," ಎಂದಳು.

ಅಡುಗೆಮನೆಯಿಂದ ಮಾನಮ್ಮನ ದನಿ ಬಂತು. "ಹೋಗು. ಸಂಜೀಕ ಬರೂವಾಗ ಸಗರದಾಗ ಕೊತ್ತಂಬರಿ ತಗೊಂಡು ಬಾ. ಇಲ್ಲಿ ಮುಟ್ಟಾಕ ಆಗವಲ್ದು, ಭಾವ ಏರ್ಯಾದ. ಬದನಿಕಾಯಿ ಎಳೇವು ಇದ್ರ ಅವೂ ತಾ."

ತಿಂಗಳುಗಳಿಂದ ಯಾರೂ ಅವಳಿಗೆ ಏನನ್ನೂ ತಾ ಎಂದಿರಲಿಲ್ಲ. ಪಂಚಶೀಲಾ ಮರಳಿ ಒಳಗೆ ಹೋಗಿ, ಗೂಟಕ್ಕಿದ್ದ ದೊಡ್ಡ ಬಟ್ಟೆಚೀಲವನ್ನೇ ಎಳೆದುಕೊಂಡಳು.

"ತರತೀನ್ರಿ," ಎಂದು ಕೂಗಿ ಹೇಳಿ, ಬಸ್‌ನಿಲ್ದಾಣದ ಕಡೆ ತನ್ನ ನಡಿಗೆಯಲ್ಲೇ ನಡೆದಳು.